ಸಿಂಚನಳಿಗೆ ಕಾಯಿಸಿದ ಚೀನಾ ಕಷಾಯ

ಚೀನಾದಲ್ಲಿ ಡಾಕ್ಟರಿಕೆ ಓದಿ ಬಂದ ರಕ್ಷಿತಾ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗದೆ, ಶ್ರೀರಾಂಪುರದ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಜೊತೆಗೆ ಓದಿದವರು ಪಾಸಾಗುತ್ತಿದ್ದಂತೆ ಒಬ್ಬೊಬ್ಬರೇ ಫೋನು ಮಾಡುವುದನ್ನು ಬಿಟ್ಟಿದ್ದರು. ಕೆಲವು ದಿನ ಅವಳ ಬಾಯಿಂದ ಹೊರಡುತ್ತಿದ್ದ ಮಾತೆಂದರೆ ಹಾಲಿನವನಿಗೆ ಹೇಳುವ ‘ಅರ್ಧ ಲೀಟರ್’ ಅಷ್ಟೇ.

ಒಂದು ಮಧ್ಯಾಹ್ನ ಮನೆಯೊಡತಿ ವಸಂತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಅವರ ಮೊಮ್ಮಗಳು ಸಿಂಚನಳಿಗೆ ವೈರಸ್ ಜ್ವರ ಬಂದು ಹೃದಯದಲ್ಲಿ ಉರಿಯೂತವಾಗಿತ್ತು. ಆಸ್ಪತ್ರೆಯಿಂದ ಈಚೆಗಷ್ಟೇ ಕರೆತಂದಿದ್ದರು. ಓಡುವಂತಿಲ್ಲ, ಕುಣಿಯುವಂತಿಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಹಗಲೆಲ್ಲ ಮಗು ಅಜ್ಜಿಯ ಪಾಲು.

“ಸಿಂಗಪುರದಿಂದ ನಮ್ ತಂಗಿ ಮಗ ಕಳ್ಸವ್ನೆ. ಚೀನಾದ ಬೇರಂತೆ, ಎದೆಗೆ ಒಳ್ಳೇದಂತೆ. ನೀನು ಅಲ್ಲೇ ಓದ್ದೋಳಲ್ವಾ, ಏನ್ ಬರ್ದವ್ರೆ ನೋಡವ್ವ,” ಎಂದು ಪೊಟ್ಟಣ ಮುಂದೆ ಹಿಡಿದರು.

“ಹ್ವಾಂಗ್ ಛೀ,” ರಕ್ಷಿತಾ ಬೇರಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಎಷ್ಟೋ ಕಾಲದ ಮೇಲೆ ಆ ಭಾಷೆ ನಾಲಿಗೆಗೆ ಬಂದು ಮೈಯೆಲ್ಲ ಬೆಚ್ಚಗಾಯಿತು. ಕೊನೆಯ ಸಾಲಿಗೆ ಬಂದಾಗ ದನಿ ತಗ್ಗಿತು. “ಇದರಲ್ಲಿ ಜ್ಯೇಷ್ಠಮಧುನೂ ಇದೆ ಅಮ್ಮಾ. ಸಿಂಚನಾಗೆ ಮೈಯಲ್ಲಿನ ನೀರಿಳಿಸೋ ಮಾತ್ರೆ ಕೊಡ್ತಿದ್ದೀರಲ್ಲ, ಎರಡೂ ಸೇರಿದ್ರೆ ಎದೆಬಡಿತ ಏರುಪೇರಾಗಬಹುದು. ಅಲ್ಲಿ ಮಕ್ಕಳಿಗೆ ಹ್ವಾಂಗ್ ಛೀ ಬೇರು ಕೊಡ್ತಾರೆ, ನಿಜ. ಆಸ್ಪತ್ರೆ ಮದ್ದಿನ ಜೊತೆಗೆ, ಡಾಕ್ಟ್ರು ನೋಡ್ಕೊಂಡು. ಇದರಿಂದಲೇ ವಾಸಿಯಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ.”

“ನೀನಿನ್ನೂ ಡಾಕ್ಟ್ರು ಆಗಿಲ್ವಲ್ಲ!” ವಸಂತಮ್ಮ ಪೊಟ್ಟಣ ಕಿತ್ತುಕೊಂಡು ಇಳಿದುಹೋದರು.

ರಕ್ಷಿತಾ ಪುಸ್ತಕ ಬಿಡಿಸಿ ಕೂತಳು; ಒಂದಕ್ಷರವೂ ತಲೆಗೆ ಹೋಗಲಿಲ್ಲ. ಸಂಜೆ ಹೊತ್ತಿಗೆ ಕಿಟಕಿಯಿಂದ ಕಷಾಯದ ವಾಸನೆ ತೇಲಿಬಂತು. ಅವಳು ಓದಿದ ಊರಿನ ಮಕ್ಕಳ ವಾರ್ಡಿನಲ್ಲಿ ಸದಾ ಇರುತ್ತಿದ್ದ ವಾಸನೆ. ಒಂದು ಗಳಿಗೆ ಕಣ್ಣು ಮುಚ್ಚಿ ಅದನ್ನು ಒಳಗೆಳೆದುಕೊಂಡಳು. ಮರುಗಳಿಗೆ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು.

ವಸಂತಮ್ಮ ಕಷಾಯ ಸೋಸಿ ಆರಿಸುತ್ತಿದ್ದರು.

“ನನ್ನ ಮಾತು ಬೇಡಮ್ಮಾ. ಸಿಂಚನಾನ ನೋಡ್ತಿರೋ ಡಾಕ್ಟ್ರಿಗೇ ಫೋನ್ ಮಾಡಿ. ಅವರು ಹೂಂ ಅಂದ್ರೆ ಕೊಡಿ,” ಎಂದಳು ರಕ್ಷಿತಾ, ಲೋಟದ ಮೇಲೆ ಕೈಯಿಟ್ಟು.

ವಸಂತಮ್ಮ ಫೋನು ಮಾಡಿದರು; ಡಾಕ್ಟರು ಖಂಡಿತ ಬೇಡವೆಂದರು. ಅವರು ಕಷಾಯವನ್ನು ಬಚ್ಚಲಿಗೆ ಸುರಿದು, ಅಲ್ಲೇ ಗೋಡೆಗೊರಗಿ ಕುಸಿದು ಅತ್ತರು. “ಸುಮ್ನೆ ಕೂತ್ಕಂಡು ಮಗೀನ ನೋಡ್ತಾ ಇರೋದು ಎಂಗವ್ವ? ಏನಾರ ಮಾಡ್ಬೇಕು ಅನ್ಸ್ತದೆ.”

ರಕ್ಷಿತಾ ಪಕ್ಕದಲ್ಲಿ ಕೂತಳು.

ಸಿಂಚನ ನಿಧಾನವಾಗಿ ಚೇತರಿಸಿಕೊಂಡಳು. ವಸಂತಮ್ಮ ಎದುರಾದಾಗ ನಗುತ್ತಿದ್ದರು, ಆದರೆ ಮತ್ತೆ ಮೆಟ್ಟಿಲು ಹತ್ತಲಿಲ್ಲ; ತಾವು ಅತ್ತದ್ದನ್ನು ನೋಡಿದವಳ ಮುಂದೆ ನಿಲ್ಲಲು ಸಂಕೋಚವೇನೋ.

ಡಾಕ್ಟರು ಆಟಕ್ಕೆ ಒಪ್ಪಿಗೆ ಕೊಟ್ಟ ದಿನ ಮಗು ಬೀದಿಯುದ್ದಕ್ಕೂ ಓಡಿತು. ಮೇಲೆ ನಿಂತಿದ್ದ ರಕ್ಷಿತಾಳ ಬಾಯಿಂದ ಚೀನೀ ಮಾತು ತಾನಾಗಿ ಜಾರಿತು: “ಮಾನ್ ದ್ಯೆನ್!” ಮೆಲ್ಲಗೆ ಕಣೇ, ಮೆಲ್ಲಗೆ. ಸಿಂಚನ ತಲೆಯೆತ್ತಿ ನೋಡಿ, ಅರ್ಥವಾಗದೆ ನಕ್ಕು, ಮತ್ತೆ ಓಡಿದಳು.