ಎಂಟಾಣೆಯ ಸಾಣೆ

ವೆಂಕಟರಮಣ ಸಾಹೇಬರ ಚಾಕುವಿನ ಬೆಲೆ ಮುನ್ನೂರೈವತ್ತು ರೂಪಾಯಿ. ಇದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಸಾಹೇಬರೇ ಹೇಳುತ್ತಿದ್ದರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಟೂಲ್ ರೂಮಿಗೆ ಅವರು ಎಂಜಿನಿಯರು. ಮೈಸೂರಿನ ಕಡೆಯವರು. ರಜೆ ಬಂತೆಂದರೆ ನಾಲ್ಕು ಜನರನ್ನು ಕಟ್ಟಿಕೊಂಡು ನಾಸಿಕದ ಸುತ್ತಲಿನ ಕೋಟೆಗುಡ್ಡಗಳನ್ನು ಹತ್ತುವ ಹುಚ್ಚು. ಬೊಂಬಾಯಿಯಲ್ಲಿ ಹಡಗಿನ ಮಾಲು ಮಾರುವವನೊಬ್ಬನಿಂದ ಆ ಚಾಕು ಕೊಂಡಿದ್ದರು. ಗೇಣುದ್ದದ ಅಲಗು, ಚರ್ಮದ ಬಿಲ್ಲೆ ಪೋಣಿಸಿದ ಹಿಡಿ, ಸೊಂಟಕ್ಕೆ ಕಟ್ಟುವ ಒರೆ, ಒರೆಯ ಮೇಲೊಂದು ಪುಟ್ಟ ಜೇಬು, ಆ ಜೇಬಿನಲ್ಲಿ ಎಣ್ಣೆಕಾಗದ ಸುತ್ತಿದ ಸಾಣೆಕಲ್ಲು. ಕಾಡಿನಲ್ಲಿ ವಿಮಾನ ಬಿದ್ದರೆ ಪೈಲಟ್ ಇದೊಂದರಿಂದಲೇ ಬದುಕಿ ಬರುತ್ತಾನೆ ಎನ್ನುತ್ತಿದ್ದರು. ಸಾಹೇಬರಿಗೆ ವಿಮಾನವೂ ಬೀಳಲಿಲ್ಲ, ಅಂಥ ಕಾಡೂ ಸಿಗಲಿಲ್ಲ. ಹಣ್ಣಿನ ಡಬ್ಬಿ ತೆರೆಯುವುದಕ್ಕೆ, ಕಟ್ಟಿಗೆ ಸೀಳುವುದಕ್ಕೆ, ಹೆಂಗಸರು ಜೊತೆಗಿದ್ದರೆ ಗುರಿಯಿಟ್ಟು ಮರಕ್ಕೆ ಎಸೆಯುವುದಕ್ಕೆ ಅದನ್ನು ಬಳಸುತ್ತಿದ್ದರು.

ಅದೇ ಟೂಲ್ ರೂಮಿನಲ್ಲಿ ಶಿವರಾಯ ಸಾಣೆ ಹಿಡಿಯುವ ಗ್ರೈಂಡರ್ ಕೆಲಸದವನು, ಬೀದರ ಜಿಲ್ಲೆಯವನು. ಅವನ ಬಳಿಯೂ ಒಂದು ಚಾಕು ಇತ್ತು. ಸಾತಪುರದ ಗುಜರಿಯಲ್ಲಿ ಎರಡು ರೂಪಾಯಿಗೆ ಸಿಕ್ಕ ದೊಡ್ಡ ಗರಗಸದ ಮುರುಕು ಬ್ಲೇಡನ್ನು ಉಜ್ಜಿ, ಜಾಲಿಯ ಹಿಡಿ ಹಾಕಿ ತಾನೇ ಮಾಡಿಕೊಂಡದ್ದು. ನೋಡಲು ಕುರೂಪಿ. ಆದರೆ ಹಗ್ಗವಿರಲಿ, ಚಕ್ಕಡಿಯ ತೊಗಲಿನ ಮಿಣಿಯಿರಲಿ, ಒಂದೇ ಎಳೆತಕ್ಕೆ ಎರಡಾಗಬೇಕು.

ಒಂದು ದಿನ ಚಹಾದ ಹೊತ್ತಿನಲ್ಲಿ ಸಾಹೇಬರ ಚಾಕು ಮೇಜಿನ ಮೇಲಿತ್ತು. ಶಿವರಾಯ ಅಭ್ಯಾಸಬಲದಿಂದ ಹೆಬ್ಬೆರಳನ್ನು ಧಾರೆಗೆ ಅಡ್ಡ ಸವರಿದ. ಧಾರೆ ದುಂಡಗಾಗಿತ್ತು.

“ಧಾರ್ ಸತ್ತದ್ರಿ ಸಾಹೇಬ್ರ. ಹತ್ ಮಿನಿಟ್ ಕೊಡ್ರಿ, ಹಚ್ಚಿ ಕೊಡ್ತೀನಿ.”

“ಮುಟ್ಬೇಡಪ್ಪ!” ಸಾಹೇಬರು ಚಾಕು ಕಿತ್ತುಕೊಂಡರು. “ಇದು ಕಂಪನಿಯವರೇ ಇಟ್ಟಿರೋ ಧಾರೆ ಕಣಯ್ಯ. ನೀನು ಕಲ್ಲಿಗೆ ಉಜ್ಜಿ ಹಾಳು ಮಾಡಿಬಿಡ್ತೀಯ.”

ಹಗಲಿಡೀ ವಿಮಾನದ ಭಾಗ ಕೊರೆಯುವ ಹತ್ಯಾರುಗಳಿಗೆ ಧಾರೆ ಇಡುತ್ತಿದ್ದ ಕೈ ಅದು. ವಿಮಾನಕ್ಕೆ ಆದೀತು, ಸಾಹೇಬರು ಡಬ್ಬಿ ತೆರೆಯುವ ಚಾಕುವಿಗೆ ಆಗದು! ಶಿವರಾಯನಿಗೆ ಮೈಯೆಲ್ಲ ಉರಿಯಿತು, ಆದರೂ ನುಂಗಿಕೊಂಡ. ನುಂಗಿಕೊಳ್ಳಲು ಕಾರಣವಿತ್ತು. ಅವನ ತಮ್ಮ ಸದಾನಂದ ಇಪ್ಪತ್ತಾರು ದಾಟಿದ್ದ. ಸಿನ್ನರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ದುಡಿಯುತ್ತಿದ್ದ. ಕೆಲಸ ಕಲಿಸಿದವನು ಶಿವರಾಯನೇ, ಆದರೆ ತಮ್ಮನ ಕೈ ತನ್ನ ಕೈಗಿಂತ ಒಂದು ಕೂದಲೆಳೆ ಮೇಲು ಎಂಬುದು ಅವನಿಗೆ ಗೊತ್ತಿತ್ತು, ಅದರ ಬಗ್ಗೆ ಹೊಟ್ಟೆತುಂಬ ಹೆಮ್ಮೆಯಿತ್ತು. ಆ ವರ್ಷ, ಅರವತ್ತೊಂಬತ್ತರಲ್ಲಿ, ದಸರೆ ಮುಗಿದ ವಾರವೇ ಕಾರ್ಖಾನೆಯಲ್ಲಿ ಗ್ರೈಂಡರ್ ಕೆಲಸಕ್ಕೆ ಕೈಪರೀಕ್ಷೆ. ಪಟ್ಟಿಯಲ್ಲಿ ಸದಾನಂದನ ಹೆಸರು ಬರೆದವರು ವೆಂಕಟರಮಣ ಸಾಹೇಬರು. ಬರೆದವರಿಗೆ ಅಳಿಸಲು ಒಂದು ಗೀಟು ಸಾಕು.

ಹಾಗಾಗಿ ನವಮಿಯ ದಿನ “ಹರಿಹರ ಕೋಟೆ ಹತ್ತೋಣ, ನೀನೂ ನಿನ್ನ ತಮ್ಮನೂ ಬನ್ನಿ, ಸಾಮಾನು ಹೊರೋಕೆ ಆಗುತ್ತೆ” ಎಂದು ಸಾಹೇಬರು ಹೇಳಿದಾಗ ಇಲ್ಲವೆನ್ನುವ ಮಾತೇ ಇರಲಿಲ್ಲ.

ನವಮಿಯೆಂದರೆ ಖಂಡೆ ಪೂಜೆ, ಆಯುಧಗಳ ಪೂಜೆ. ಶಿವರಾಯನ ಹೆಂಡತಿ ಸಂಗಮ್ಮ ನಸುಕಿನಲ್ಲೇ ಎದ್ದು ಮನೆಯ ಹತ್ಯಾರುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಸುತ್ತಿಗೆ, ಅರ, ಈಳಿಗೆ, ನಡುವೆ ಗರಗಸದ ಚಾಕು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಹತ್ಯಾರದ ವಿಷಯದಲ್ಲಿ ಅವಳದು ಬಲು ಕಟ್ಟುನಿಟ್ಟು. ವರ್ಷದ ಉಳಿದ ದಿನಗಳಲ್ಲೂ ಅವಳ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಇಬ್ಬರ ನಡುವಿನ ಋಣ ಹರಿದುಹೋಗುತ್ತದೆ ಎಂದು ಅವಳ ಅವ್ವ ಹೇಳಿದ್ದಳಂತೆ.

ಹೊರಡುವಾಗ ಶಿವರಾಯ ಮಣೆಯತ್ತ ಕೈ ಚಾಚಿದ.

“ಅಯ್ಯ, ಪೂಜಾಕ್ಕ ಕುಂತ ಹತ್ಯಾರ ಎತ್ತತಾರೇನ್ರಿ?” ಸಂಗಮ್ಮ ಅಡ್ಡ ಬಂದಳು. “ನಾಳೆ ಬನ್ನಿ ಹಂಚೂತನಕ ಮುಟ್ಟಬ್ಯಾಡ್ರಿ.”

“ಹಗ್ಗ, ಗಂಟು ಇರ್ತಾವ ವೈನಿ, ಚಾಕು ಬೇಕಾಗ್ತದ,” ಎಂದ ಸದಾನಂದ.

ಶಿವರಾಯ ಒಂದು ಗಳಿಗೆ ನಿಂತ. ಆಮೇಲೆ ಕೈ ಹಿಂದಕ್ಕೆ ತೆಗೆದ. “ಇರ್ಲಿ ಬಿಡೋ. ಸಾಹೇಬ್ರದು ಇರ್ತದಲ್ಲ, ಅಷ್ಟು ತುಟ್ಟೀದು.”

ಆ ಒಂದು ಮಾತಿಗಾಗಿ ಅವನು ಮುಂದೆ ತನ್ನನ್ನು ತಾನು ಶಪಿಸಿಕೊಳ್ಳದ ದಿನವಿಲ್ಲ. ಆ ಚಾಕುವಿನ ಧಾರೆ ಸತ್ತಿದೆ ಎಂದು ತಿಳಿದವನು ಅವನೊಬ್ಬನೇ ಆಗಿದ್ದ. ಬೆರಳು ಸತ್ಯ ಹೇಳಿತ್ತು, ಬೆಲೆ ಬೇರೆಯೇ ಹೇಳಿತ್ತು. ಅವನು ಬೆಲೆಯನ್ನು ನಂಬಿದ.

ಹತ್ತುವಾಗ ಏನೂ ಆಗಲಿಲ್ಲ. ಮೇಲೆ ಅಡುಗೆ, ಊಟ, ಸಾಹೇಬರ ಹಾಡು ಎಲ್ಲ ಆಯಿತು. ಇಳಿಯುವಾಗ ಪಾತ್ರೆ, ಸ್ಟೋವು, ಜಮಖಾನೆಗಳನ್ನು ಒಂದೇ ಗೋಣಿಗೆ ತುಂಬಿ ದಪ್ಪ ಹಗ್ಗದಿಂದ ಕೆಳಗಿಳಿಸಬೇಕಾಯಿತು. ಆ ಕೋಟೆಯ ಮೆಟ್ಟಿಲುಗಳು ಗೋಡೆಗೆ ನಿಲ್ಲಿಸಿದ ಏಣಿಯ ಹಾಗೆ ಕಡಿದಾದವು, ಹೊರೆ ಹೊತ್ತು ಇಳಿಯಲಾಗದು. ಸದಾನಂದ ಮೇಲೆ ಕೂತು ಹಗ್ಗ ಬಿಡುತ್ತಿದ್ದ. ಅರ್ಧಕ್ಕೆ ಬಂದ ಗೋಣಿ ಕಲ್ಲಿನ ಅಂಚಿನಿಂದ ಜಾರಿ ಒಮ್ಮೆಲೇ ಗಾಳಿಯಲ್ಲಿ ತೂಗಿತು. ಹಗ್ಗದ ಒಂದು ಸುತ್ತು ಅವನ ಬಲಗೈ ಬೆರಳುಗಳ ಮೇಲೆ ಬಿದ್ದು, ಬೆರಳುಗಳನ್ನು ಬಂಡೆಯ ಅಂಚಿಗೆ ಅದುಮಿ ಬಿಗಿಯಿತು.

ಸದಾನಂದ ಕೂಗಿದ. ಶಿವರಾಯ ಧಾವಿಸಿ ಬಂದು ಕೈಗಿಂತ ಕೆಳಗೆ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಆದಷ್ಟು ಭಾರ ತಡೆದ, ಆದರೂ ಬೆರಳುಗಳ ಮೇಲಿನ ಸುತ್ತು ಸಡಿಲವಾಗಲಿಲ್ಲ. ಎಳೆಯಲು ಆಗದು, ಬಿಡಲು ಆಗದು.

“ಕೊಯ್ರಿ ಸಾಹೇಬ್ರ! ಹಗ್ಗ ಕೊಯ್ರಿ!”

ಸಾಹೇಬರು ಒರೆಯಿಂದ ಚಾಕು ಹಿರಿದರು. ಬಿಸಿಲಿಗೆ ಅದು ಫಳಫಳ ಹೊಳೆಯಿತು. ಹಗ್ಗದ ಮೇಲಿಟ್ಟು ಕೊಯ್ದರು, ಕೊಯ್ದೇ ಕೊಯ್ದರು. ಅಲಗು ಹಗ್ಗದ ಮೇಲೆ ಹೋಗಿ ಬಂದು ಮಾಡಿತೇ ಹೊರತು ಒಂದು ಎಳೆಯೂ ಸರಿಯಾಗಿ ಹರಿಯಲಿಲ್ಲ. ಸದಾನಂದನ ಕೂಗು ನಿಂತು ನರಳಾಟವಾಯಿತು. ಶಿವರಾಯನ ಅಂಗೈ ಸುಲಿದು ಹಗ್ಗ ಕೆಂಪಾಗತೊಡಗಿತು.

“ಕಲ್ಲು ತಗೋರಿ! ಚಾಕೂನ ಬೆನ್ನ ಮ್ಯಾಲೆ ಬಡೀರಿ!”

ಸಾಹೇಬರು ಕಲ್ಲು ಎತ್ತಿಕೊಂಡರು. ಎತ್ತಿದವರು ಒಮ್ಮೆ ಚಾಕುವಿನ ಕಡೆ ನೋಡಿದರು. ಹಗ್ಗದ ಕೆಳಗೆ ಬರಿ ಬಂಡೆ. “ಬ್ಲೇಡು...” ಎಂದರು.

ಅಷ್ಟೇ ಅಂದದ್ದು. ನಾಲ್ಕು ಉಸಿರಿನ ಹೊತ್ತು ಇರಬಹುದು, ಶಿವರಾಯ ಆ ಮುಖವನ್ನು ನೋಡಿದ. ಆಟಿಕೆಯನ್ನು ಯಾರೋ ಕೇಳಿದಾಗ ಮಗುವಿನ ಮುಖ ಹೇಗಿರುತ್ತದೋ ಹಾಗಿತ್ತು. ಆಮೇಲೆ ಸಾಹೇಬರು ಬಡಿದರು. ಏಳೆಂಟು ಪೆಟ್ಟಿಗೆ ಹಗ್ಗ ಹರಿದು ಗೋಣಿ ಕಣಿವೆಗೆ ಹೋಯಿತು. ಚಾಕುವಿಗೆ ಏನೂ ಆಗಲಿಲ್ಲ.

ನಾಸಿಕದ ಆಸ್ಪತ್ರೆಯಲ್ಲಿ ಸದಾನಂದನ ಬಲಗೈಯ ಮೂರು ಬೆರಳು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಮರುದಿನ ವಿಜಯದಶಮಿ. ಸಾಹೇಬರು ಬನ್ನಿ ಎಲೆ ತಂದು, ಬ್ಯಾಂಡೇಜಿನ ಕೈಗೆ ಕೊಡಲಾಗದೆ ಎಡಗೈಗೆ ಕೊಟ್ಟು, “ಬಂಗಾರದ ಹಾಗೆ ಇರೋಣಪ್ಪ” ಎಂದರು. ಮುಂದಿನ ವಾರ ಕೈಪರೀಕ್ಷೆ ನಡೆಯಿತು. ಪಟ್ಟಿಯಲ್ಲಿ ಒಂದು ಗೀಟು ಬಿತ್ತು.

ಶಿವರಾಯ ಅದನ್ನೂ ಸಹಿಸಿಕೊಳ್ಳುತ್ತಿದ್ದನೇನೋ. ಬೆಟ್ಟದಲ್ಲಿ ಅಪಘಾತ ಯಾರಿಗೂ ಆಗುತ್ತದೆ, ಗಾಬರಿಯಲ್ಲಿ ಯಾರ ಬುದ್ಧಿಯೂ ತಪ್ಪುತ್ತದೆ ಎಂದು ಸಂಗಮ್ಮನಿಗೆ ತಾನೇ ಸಮಾಧಾನ ಹೇಳಿದ. ಆದರೆ ಆ ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋದಾಗ ಸಾಹೇಬರು ನಾಲ್ಕು ಸಂಸಾರಗಳ ನಡುವೆ ಕೂತು ಕಥೆ ಹೇಳುತ್ತಿದ್ದರು. “ಈ ಚಾಕು ಇಲ್ದೇ ಇದ್ದಿದ್ರೆ ಪಾಪ, ಅವನ ಇಡೀ ಕೈಯೇ ಹೋಗ್ತಿತ್ತು. ಮುನ್ನೂರೈವತ್ತು ಅಂದಾಗ ನನ್ನ ಹೆಂಡ್ತಿ ಬೈದಿದ್ಲು. ಈಗ ಹೇಳಿ, ವಸೂಲಾಯ್ತೋ ಇಲ್ವೋ?” ಎಲ್ಲರೂ ಆಯಿತು, ಆಯಿತು ಎಂದು ತಲೆದೂಗಿದರು. ಶಿವರಾಯನ ಕೈಯಲ್ಲಿದ್ದ ಕೇಸರಿಭಾತಿನ ತಟ್ಟೆ ಹಾಗೇ ಉಳಿಯಿತು.

ಅದಾದ ಮೇಲೆ ಸಾಹೇಬರಿಗೆ ನಮಸ್ಕಾರ ಮಾಡಲು ಅವನ ಕೈ ಏಳಲಿಲ್ಲ. ಕೈ ಏಳದ ಮೇಲೆ ಅಲ್ಲಿ ದುಡಿಯುವುದು ಹೇಗೆ? ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟು, ತಮ್ಮನನ್ನು ಕರೆದುಕೊಂಡು ಔರಂಗಾಬಾದಿಗೆ ಹೋದ. ಚಿಕಲಠಾಣಾ ರಸ್ತೆಯಲ್ಲಿ ತಗಡಿನ ಅಂಗಡಿ ಹಾಕಿದ. ಕಾರ್ಖಾನೆಗಳ ಹತ್ಯಾರು, ದರ್ಜಿಗಳ ಕತ್ತರಿ, ಕಟುಕರ ಕತ್ತಿ, ಯಾವುದಕ್ಕಾದರೂ ಸಾಣೆ. ಧಾರೆ ಇಡುವವನು ಶಿವರಾಯ. ಎಡಗೈಯಿಂದ ಎಣ್ಣೆ ಬಿಟ್ಟು, ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುವವನು ಸದಾನಂದ. ಅಣ್ಣನಿಗಿಂತ ಕೂದಲೆಳೆ ಮೇಲಾಗಿದ್ದ ಕೈಗೆ ಉಳಿದ ಕೆಲಸ ಅಷ್ಟು.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಒಂದು ಕಾರು ಅಂಗಡಿಯ ಮುಂದೆ ನಿಂತಿತು. ಇಳಿದವರು ವೆಂಕಟರಮಣ ಸಾಹೇಬರು, ಜೊತೆಗೆ ಅವರ ಭಾವಮೈದುನ. ಎಲ್ಲೋರಾ ನೋಡಿ, ಖುಲ್ತಾಬಾದಿನ ಮೇಲೆ ಬಂದರಂತೆ.

“ಏನಯ್ಯ ಶಿವರಾಯ, ಇಲ್ಲಿದ್ದೀಯಾ! ಯಾರೋ ಹೇಳಿದ್ರು.” ಭಾವಮೈದುನನಿಗೆ ಸದಾನಂದನನ್ನು ತೋರಿಸಿದರು. “ಹೇಳಿರಲಿಲ್ವೇ, ಇವನೇ. ನನ್ನ ಚಾಕು ಉಳಿಸಿದ ಕೈ.” ಆಮೇಲೆ ಆ ಚಾಕುವನ್ನು ಹಲಗೆಯ ಮೇಲಿಟ್ಟರು. “ಸ್ವಲ್ಪ ಮೊಂಡಾಗಿದೆ ಕಣಯ್ಯ. ಬೇರೆ ಯಾರ ಕೈಗೂ ಕೊಡೋಕೆ ಮನಸ್ಸಾಗಲಿಲ್ಲ.”

ಶಿವರಾಯ ಒರೆಯ ಜೇಬಿಗೆ ಬೆರಳು ಹಾಕಿ ಕಲ್ಲು ತೆಗೆದ. ಎಣ್ಣೆಕಾಗದ ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಿದ. ಸದಾನಂದ ಎರಡು ಹನಿ ಎಣ್ಣೆ ಬಿಟ್ಟ. ಶಿವರಾಯ ಮಸೆದ, ತಿರುವಿ ಮಸೆದ, ಹೆಬ್ಬೆರಳಿಂದ ಸವರಿ ಮತ್ತೆ ಮಸೆದ. ಉಕ್ಕು ಕಲ್ಲಿಗೆ ಚೆನ್ನಾಗಿ ಧಾರೆ ಹಿಡಿಯಿತು. ಒಳ್ಳೆಯ ಉಕ್ಕು. ಮುನ್ನೂರೈವತ್ತಕ್ಕೆ ಮೋಸವಿಲ್ಲದ ಮಾಲು. ಗಡಿಯಾರ ನೋಡಿದ. ಹತ್ತು ನಿಮಿಷ ಕೂಡ ಆಗಿರಲಿಲ್ಲ.

ಮೊಳೆಗೆ ತೂಗುಹಾಕಿದ್ದ ದಪ್ಪ ಹಗ್ಗದ ತುಂಡನ್ನು ಸದಾನಂದ ಎಡಗೈಯಲ್ಲಿ ಹಿಡಿದು ಮುಂದೆ ಚಾಚಿದ. ಯಾರೂ ಅವನಿಗೆ ಹೇಳಿರಲಿಲ್ಲ. ಶಿವರಾಯ ಒಂದೇ ಸಲ ಎಳೆದ. ಹಗ್ಗದ ಅರ್ಧ ಸದಾನಂದನ ಕೈಯಲ್ಲಿ ಉಳಿಯಿತು, ಅರ್ಧ ಸಾಹೇಬರ ಬೂಟಿನ ಮೇಲೆ ಬಿತ್ತು.

ಭಾವಮೈದುನ “ವಾಹ್!” ಎಂದ. ಸಾಹೇಬರು ಬೂಟಿನ ಮೇಲಿನ ತುಂಡನ್ನು ನೋಡಿದರು, ಸದಾನಂದನ ಬಲಗೈ ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿದರು.

“ಎಷ್ಟಾಯ್ತಪ್ಪ?”

“ಎಂಟಾಣೆ.”

ಸಾಹೇಬರು ಇಪ್ಪತ್ತು ರೂಪಾಯಿಯ ನೋಟು ಚಾಚಿದರು. “ಚಿಲ್ಲರ್ ಇಲ್ರಿ,” ಎಂದ ಸದಾನಂದ. ಭಾವಮೈದುನ ತನ್ನ ಜೇಬು ತಡಕಿ ಎಂಟಾಣೆ ಕೊಟ್ಟ. ಸದಾನಂದ ಅದನ್ನು ಬೇಕೆಂದೇ ಬಲಗೈಯಲ್ಲಿ ಇಸಿದುಕೊಂಡ, ಹೆಬ್ಬೆರಳು ಕಿರುಬೆರಳ ನಡುವೆ.

ಸಾಹೇಬರು ಹಲಗೆಯತ್ತ ನೋಡಿದರು. ಚಾಕು ಅಲ್ಲಿರಲಿಲ್ಲ. ಅಂಗಡಿ ಹಾಕಿದಂದಿನಿಂದ ಸಂಗಮ್ಮನ ಕಟ್ಟಳೆಯಂತೆ ಯಾವ ಕಟುಕನ ಕತ್ತಿಯನ್ನೂ ಹಲಗೆಯ ಮೇಲಿಟ್ಟೇ ಕೊಡುತ್ತಿದ್ದ ಶಿವರಾಯ, ಆ ಚಾಕುವನ್ನು ಒರೆಗೆ ಹಾಕಿ, ಸಾಹೇಬರ ಕೈ ಹಿಡಿದು ಅಂಗೈ ಬಿಡಿಸಿ, ಕೈಯಿಂದ ಕೈಗೇ ಕೊಟ್ಟ.