ಹೊಸ ಮೀನಿಗೊಂದು ಕಲ್ಲು

ಪರೀಕ್ಷೆಯ ಹನಿ ಹಾಕಿದರೂ ಗಾಜಿನ ಕೊಳವೆಯಲ್ಲಿದ್ದ ತೊಟ್ಟಿಯ ನೀರು ಬೇಕಾದಷ್ಟು ನೀಲಿಯಾಗಲಿಲ್ಲ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ, ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ನಿನ್ನೆಯೂ ಹೀಗೇ, ಮೊನ್ನೆಯೂ ಹೀಗೇ. ಸಂಜೆ ಹಾಕಿದ ತಾಮ್ರದ ಮದ್ದು ಬೆಳಗಾಗುವುದರೊಳಗೆ ಎಲ್ಲಿಗೆ ಹೋಗುತ್ತಿದೆಯೋ ಅವನಿಗೆ ತಲೆಬುಡ ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷ ಜನರಿಗೆ ಕಾರು ಓಡಿಸಲು ಕಲಿಸಿದವನು. ಕಲಿಯುವವರು ಏನೇ ಎಡವಟ್ಟು ಮಾಡಲಿ, ಅವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ಮೀನಿನ ವಿಷಯದಲ್ಲಿ ಆ ಸೌಕರ್ಯ ಇರಲಿಲ್ಲ. ಮೀನುಗಳು ಹೆಂಡತಿಯವು. ತಂಗಿಯ ಆಪರೇಷನ್ನಿಗೆಂದು ಊರಿಗೆ ಹೊರಡುವಾಗ ಅವಳು ಎಲ್ಲವನ್ನೂ ಹೇಳಿಯೇ ಹೋಗಿದ್ದಳು. ಹೊಸದಾಗಿ ತಂದ ಹಳದಿ ಮೀನು ಹಿಂದಿನ ಕೋಣೆಯ ಬರಿಯ ತೊಟ್ಟಿಯಲ್ಲಿ ಒಂದು ತಿಂಗಳು ಒಂಟಿಯಾಗಿರಬೇಕು. ಅದರ ಮೈಮೇಲಿನ ಬಿಳಿ ಚುಕ್ಕೆಯ ರೋಗ ಹೋಗಲು ಉಪ್ಪುನೀರಿನಲ್ಲಿ ತಾಮ್ರ ಒಂದೇ ಅಳತೆಯಲ್ಲಿರಬೇಕು. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನೇ ಉಳಿಯುವುದಿಲ್ಲ.

"ಬಕೆಟ್ ಬೇರೆ, ಬಲೆ ಬೇರೆ," ಎಂದಿದ್ದಳು. "ಆ ನೀರು ದೊಡ್ಡ ಟ್ಯಾಂಕಿಗೆ ಸೋಕಿದ್ರೆ ಮೀಸೆ ಮಾವ ಉಳಿಯಲ್ಲ. ಮೀನಿಗೆ ಮದ್ದು, ಅವನಿಗೆ ವಿಷ."

ಮೀಸೆ ಮಾವ ಎಂದರೆ ಒಂದು ಸೀಗಡಿ. ಕೆಂಪು ಬೆನ್ನು, ಮೈಗಿಂತ ಉದ್ದದ ಬಿಳಿ ಮೀಸೆ. ನಡುಮನೆಯ ಆ ದೊಡ್ಡ ಟ್ಯಾಂಕಿನಲ್ಲಿ ಅವನದು ನಾಲ್ಕು ವರ್ಷದ ಬಿಡಾರ. ಅವಳು ಕೈ ಇಳಿಬಿಟ್ಟರೆ ಸಾಕು, ಬೆರಳು ಹತ್ತಿ ಉಗುರಿನ ಸಂದಿಯನ್ನೆಲ್ಲ ಚೊಕ್ಕ ಮಾಡುತ್ತಿದ್ದ. "ನಿಮಗಿಂತ ಇವನೇ ವಾಸಿ, ಹೇಳದೇನೇ ಕೆಲಸ ಮಾಡ್ತಾನೆ," ಎಂದು ಗಂಡನನ್ನು ಛೇಡಿಸುತ್ತಿದ್ದಳು.

ಅವನು ಫೋನ್ ಮಾಡಿದ.

"ತೊಟ್ಟಿ ಒಳಗೆ ಏನಾದ್ರೂ ಇಟ್ಟಿದ್ದೀರಾ?" ಅವಳು ಕೇಳಿದಳು.

"ಒಂದು ಕಲ್ಲು. ಪಾಪ, ಮೂಲೆಗೆ ಸೇರ್ಕೊಂಡು ನಡುಗ್ತಾ ಇತ್ತು. ಅವಿತುಕೊಳ್ಳೋಕೆ ಏನಾದ್ರೂ ಬೇಡ್ವಾ? ದೊಡ್ಡ ಟ್ಯಾಂಕಿಂದ ತೆಗೆದು ಇಟ್ಟೆ."

"ಅದು ಹವಳದ ಕಲ್ಲು ರೀ, ತಾಮ್ರ ಕುಡಿಯುತ್ತೆ. ನೀವು ಹಾಕಿದ್ದೆಲ್ಲ ಅದರ ಹೊಟ್ಟೆಗೇ ಹೋಗಿದೆ. ಮೊದಲು ತೆಗೀರಿ. ಡಾಕ್ಟರ್ ಬಂದ್ರು, ಇಡ್ತೀನಿ."

ಅವನು ತೆಗೆದ. ಯಾವ ವಸ್ತುವನ್ನೇ ಆಗಲಿ, ಎಲ್ಲಿಂದ ತೆಗೆದನೋ ಅಲ್ಲೇ ಇಡುವ ಮನುಷ್ಯ. ಕಾರಿನ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ಒಂದೇ ಮೊಳೆಯಲ್ಲಿ ತೂಗುತ್ತಿತ್ತು. ಕಲ್ಲನ್ನು ನಲ್ಲಿಯ ಕೆಳಗೆ ಎರಡೆರಡು ಸಲ ತೊಳೆದ. ತನ್ನ ಕೈಯನ್ನೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡ. ಆಮೇಲೆ ಕಲ್ಲನ್ನು ದೊಡ್ಡ ಟ್ಯಾಂಕಿನಲ್ಲಿ ಅದರ ಹಳೆಯ ಜಾಗದಲ್ಲಿ ಜೋಪಾನವಾಗಿ ಕೂರಿಸಿದ. ತೊಟ್ಟಿಗೆ ಮತ್ತೆ ಮದ್ದು ಹಾಕಿ ಸಂಜೆ ನೋಡಿದಾಗ ಕೊಳವೆಯ ನೀರು ಸರಿಯಾದ ನೀಲಿಗೆ ತಿರುಗಿತು. ಅವನಿಗೆ ಜೀವ ಬಂದಂತಾಯಿತು. ಫೋಟೋ ತೆಗೆದು ಹೆಂಡತಿಗೆ ಕಳಿಸಿದ.

ಮರುದಿನ ಬೆಳಿಗ್ಗೆ ದೊಡ್ಡ ಟ್ಯಾಂಕಿನ ಬಸವನಹುಳುಗಳು ಗಾಜಿನಿಂದ ಜಾರಿ ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಮೀಸೆ ಮಾವ ಅದೇ ಕಲ್ಲಿನ ಬುಡದಲ್ಲಿ ಒಂದು ಪಕ್ಕಕ್ಕೆ ವಾಲಿದ್ದ. ಕಲ್ಲು ತಾನು ಕುಡಿದಿದ್ದ ತಾಮ್ರವನ್ನು ಈ ನೀರಿಗೆ ಬಿಟ್ಟಿದೆಯೆಂದು ನೋಡಿದವನಿಗೆ ಆಗ ಅರ್ಥವಾಯಿತು. ಹೆಂಡತಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದ.

"ಆ ಕಲ್ಲನ್ನ ಎಲ್ಲಿಟ್ರಿ?"

"ಎಲ್ಲಿತ್ತೋ ಅಲ್ಲೇ."

"ಆಚೆ ತೆಗೆದುಬಿಡಿ. ಹೊಸ ಉಪ್ಪುನೀರು ಕಲಸಿ, ಆದಷ್ಟು ನೀರು ಬದಲಾಯಿಸಿ. ನಾನು ಹೊರಡ್ತೀನಿ."

"ಉಳೀತಾನಾ?"

"ಎಲ್ಲಿಡಬೇಕು ಅಂತ ನಾನೂ ಹೇಳಲಿಲ್ಲ," ಎಂದಳು.

ದಿನವಿಡೀ ಅವನು ಬಕೆಟ್ ಹೊತ್ತ. ಮಧ್ಯೆ ಮಧ್ಯೆ ಟ್ಯಾಂಕಿನ ಮುಂದೆ ಸ್ಟೂಲಿನ ಮೇಲೆ ಕೂತಾಗ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಮೀಸೆ ಮಾವ ಎದ್ದು ನಿಲ್ಲಲು ನೋಡುತ್ತಿದ್ದ, ಮತ್ತೆ ವಾಲುತ್ತಿದ್ದ. ಇವನಿಂದ ಮಾಡಲಾಗುವುದು ಇನ್ನೇನೂ ಉಳಿದಿರಲಿಲ್ಲ.

ಸಂಜೆ ಅವಳು ಬಂದಳು. ಬೈಯಲಿಲ್ಲ. ಹೆಗಲ ಚೀಲವನ್ನೂ ಇಳಿಸದೆ ತೋಳಿನ ಬಟ್ಟೆ ಮೇಲೆ ಸರಿಸಿ ಕೈಯನ್ನು ನೀರಿಗೆ ಇಳಿಸಿದಳು. ಬೆರಳುಗಳನ್ನು ಮರಳಿನ ಹತ್ತಿರ ಬಿಡಿಸಿ ಹಿಡಿದಳು. ಒಂದು ಬಿಳಿ ಮೀಸೆ ಅವಳ ಉಗುರಿನತ್ತ ತಿರುಗಿತು. ಅಷ್ಟೇ, ಕಾಲುಗಳು ಏಳಲಿಲ್ಲ.

ಹಿಂದಿನ ಕೋಣೆಯಲ್ಲಿ ಹಳದಿ ಮೀನು ಮೈಮೇಲಿನ ಚುಕ್ಕೆಗಳು ಮಾಸತೊಡಗಿ, ಊಟದ ಹೊತ್ತಾಯಿತೆಂದು ಗಾಜಿನುದ್ದಕ್ಕೂ ಓಡಾಡುತ್ತಿತ್ತು. ಅವನು ಟವೆಲ್ ಹಿಡಿದು ಹೆಂಡತಿಯ ಪಕ್ಕದಲ್ಲಿ ನಿಂತ. ಅವಳು ಕೈ ತೆಗೆಯಲಿಲ್ಲ.