‘ಏನೂ ಇಲ್ಲ’ ಎಂಬ ಸುದ್ದಿ

ಶಿಕಾರಿಪುರದ ಆ ಪುಟ್ಟ ಆಫೀಸಿನಲ್ಲಿ ದಿನಾ ಬೆಳಿಗ್ಗೆ ನಗುವಿಗೊಂದು ನೆಪ ಅಂದರೆ ತುಂಗಮ್ಮನ ಮೆಸೇಜು. ಆಕೆ ಸೊರಬದ ಆಚೆ, ಕ್ಯಾಸನೂರು ಕಡೆಯ ಕಾಡಂಚಿನ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಮನೆಮನೆ ಸುತ್ತಿ ಬಂದು ಆ್ಯಪಿನಲ್ಲಿ ಎರಡೇ ಮಾತು ಹಾಕುತ್ತಿದ್ದಳು: ‘ಏನೂ ಇಲ್ಲ.’

“ಏನೂ ಇಲ್ಲ ಅನ್ನಾಕ ಒಂದು ಮೆಸೇಜ್ ಯಾಕ ಬೇಕ್ರಿ?” ಎಂದು ಆ್ಯಪಿನ ಪ್ರೋಗ್ರಾಂ ಬರೆಯುವ ನಾಗೇಶ್ ಕಿಸಕ್ಕನೆ ನಗುತ್ತಿದ್ದ.

ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಸ್ಪಂದನಳಿಗೆ ನಗುವಿಗಿಂತ ಕಿರಿಕಿರಿಯೇ ಹೆಚ್ಚು. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿನಲ್ಲಿ ಸತ್ತ ಮಂಗವನ್ನು ಕಂಡವರು ಫೋಟೋ ಕಳಿಸಬೇಕು, ಕೂಡಲೇ ಆರೋಗ್ಯ ಸಿಬ್ಬಂದಿಯ ಫೋನ್ ಬಡಿದುಕೊಳ್ಳಬೇಕು. ಈ ಆಫೀಸಿನವರು ಮಾಡಿದ ಆ್ಯಪಿನ ಕೆಲಸ ಇಷ್ಟೇ. ಮೊದಲ ವರ್ಷ ಅದು ಕಂಡಕಂಡದ್ದಕ್ಕೆಲ್ಲ ಅರಚಿತು. ಮಂಗ ಮಲಗಿದ್ದರೂ ಅಲರ್ಟು, ನಾಯಿ ಸತ್ತರೂ ಅಲರ್ಟು. ಬೇಸತ್ತ ನರ್ಸಮ್ಮಂದಿರು ಫೋನನ್ನು ಸೈಲೆಂಟಿಗೆ ಹಾಕಿಬಿಟ್ಟರು. ಅವರದೇನು ತಪ್ಪು, ಸುಮ್ಮಸುಮ್ಮನೆ ಎಷ್ಟು ಸಲ ಎದ್ದು ಓಡುವುದು? ಈ ವರ್ಷ ಸ್ಪಂದನ ಪಟ್ಟಾಗಿ ಕೂತು ಎಲ್ಲವನ್ನೂ ಸೋಸಿ, ಯಾರಾದರೂ ಎದ್ದು ಹೋಗಲೇಬೇಕಾದ ಸುದ್ದಿಗೆ ಮಾತ್ರ ಫೋನ್ ಬಡಿಯುವಂತೆ ಮಾಡಿದ್ದಳು. ಇಷ್ಟು ಅಚ್ಚುಕಟ್ಟು ಮಾಡಿದ ಮೇಲೂ ಈ ‘ಏನೂ ಇಲ್ಲ’ ಅನ್ನದಲ್ಲಿ ಕಲ್ಲಿನಂತೆ ಸಿಗುತ್ತಿತ್ತು.

“ಏನೂ ಇಲ್ದಿದ್ರೆ ಕಳಿಸ್ಬೇಡಿ ತುಂಗಕ್ಕ,” ಎಂದು ಒಮ್ಮೆ ಹೇಳಿಯೂ ನೋಡಿದಳು.

“ಕಳಿಸ್ದೆ ಇದ್ರೆ ಇವ್ಳು ಊರು ಸುತ್ಲೇ ಇಲ್ಲ ಅಂತಾರೆ ಮೇಡಂ,” ಎಂದ ತುಂಗಮ್ಮ ಮರುದಿನವೂ ಕಳಿಸಿದಳು.

ಒಂದು ಶನಿವಾರ ನಾಗೇಶ್ ಆ್ಯಪಿನ ಹೊಸ ಆವೃತ್ತಿಯನ್ನು ಸರ್ವರಿಗೆ ಏರಿಸಿದ. ಸೋಮವಾರ ಬಂದು ನೋಡಿದರೆ ಗೋಡೆಯ ಪರದೆಯ ಮೇಲೆ ಎಲ್ಲ ದೀಪಗಳೂ ಹಸಿರು. ಸತ್ತ ಮಂಗದ ಸುದ್ದಿ ಒಂದೂ ಇಲ್ಲ. ಆಫೀಸಿನ ಯಜಮಾನ ಚಿದಂಬರ ಖುಷಿಯಿಂದ ಎಲ್ಲರಿಗೂ ಟೀ ಹೇಳಿದ.

“ಈ ಸಲ ಕಾಯಿಲೆ ಕಮ್ಮಿ ಮಾರಾಯ, ನೋಡು.”

ಟೀ ಲೋಟ ಹಿಡಿದ ಸ್ಪಂದನಳಿಗೆ ಏನೋ ಕಳೆದುಕೊಂಡಂತೆ ಅನ್ನಿಸುತ್ತಿತ್ತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ತುಂಗಮ್ಮನ ಮೆಸೇಜು ಬಂದಿರಲಿಲ್ಲ. ನಿನ್ನೆಯದೂ ಇರಲಿಲ್ಲ. ಅವಳು ಲೋಟ ಕೆಳಗಿಟ್ಟು ಫೋನ್ ಮಾಡಿದಳು.

“ಕಳಿಸೀನಲ್ಲ ಮೇಡಂ! ನಿನ್ನೆ ಸಂಜೆ ಕಾಡಂಚಿನ ಹಕ್ಕಲಲ್ಲಿ ಮಂಗ ಸತ್ತು ಬಿದ್ದಿತ್ತು, ಫೋಟೋನೂ ಹಾಕಿದ್ದೆ. ಯಾರೂ ಬರ್ಲೇ ಇಲ್ಲ. ಬರ್ಲಿಲ್ಲ ಅಂದ್ರೆ ಹೆದರೋ ಅಂಥದ್ದೇನಿಲ್ಲ ಅಂತ ತಿಳ್ಕಂಡ್ವಿ. ಹೆಂಗಸ್ರು ಈಗ ಕೊಟ್ಟಿಗೆಗೆ ಹಾಸೋ ದರಗು ಗುಡಿಸೋಕೆ ಅತ್ಲಾಗೇ ಹೊರಟವ್ರೆ.”

ಸ್ಪಂದನ ದಡಕ್ಕನೆ ಎದ್ದು ನಿಂತಳು. ಮಂಗ ಸತ್ತ ಜಾಗದ ಒಣಗಿದೆಲೆಯಲ್ಲೇ ರಕ್ತ ಹೀರಿ ಕಾಯಿಲೆ ಅಂಟಿಸುವ ಉಣುಗುಗಳು ಕಾದಿರುತ್ತವೆ.

“ತಡೀರಿ ಅವ್ರನ್ನ! ಓಡಿ ತುಂಗಕ್ಕ, ಓಡಿ!”

ತುಂಗಮ್ಮ ಓಡಿದಳು. ಇತ್ತ ಸ್ಪಂದನ ಆರೋಗ್ಯ ಕೇಂದ್ರಕ್ಕೆ ತಾನೇ ಫೋನ್ ಮಾಡಿ ಸಿಬ್ಬಂದಿಯನ್ನು ಹೊರಡಿಸಿದಳು. ಹೆಂಗಸರೆಲ್ಲ ಊರಬಾಗಿಲಲ್ಲೇ ಸಿಕ್ಕರು, ಒಬ್ಬಳನ್ನು ಬಿಟ್ಟು. ನೀಲಾಂಬಿಕ ಎಲ್ಲರಿಗಿಂತ ಮೊದಲೇ ಹೋಗಿ ಅರ್ಧ ಬುಟ್ಟಿ ತುಂಬಿಸಿದ್ದಳು. ಬುಟ್ಟಿಯನ್ನು ಅಲ್ಲೇ ಬಿಡಿಸಿ ಕರೆತಂದು, ಬಿಸಿನೀರು ಹುಯ್ಯಿಸಿ ನೋಡಿದರೆ ಕಾಲಿನಲ್ಲಿ ಉಣುಗು ಕಚ್ಚಿಕೊಂಡಿತ್ತು. ಇನ್ನು ಜ್ವರ ಬರುತ್ತದೋ ಇಲ್ಲವೋ ಎಂದು ಕಾಯದೆ ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಟ್ಟು ರಟ್ಟಾಯಿತು. ಹೊಸ ಆವೃತ್ತಿಯು ತನಗೆ ಬಂದ ಸುದ್ದಿಯನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ಮೂಲೆಯಲ್ಲಿ ರಾಶಿ ಹಾಕಿತ್ತು, ಒಂದನ್ನೂ ಮುಂದಕ್ಕೆ ಕಳಿಸಿರಲಿಲ್ಲ. ಸರ್ವರ್ ಓಡುತ್ತಿತ್ತು, ಹಾಗಾಗಿ ದೀಪ ಹಸಿರಾಗಿತ್ತು. ಸುದ್ದಿ ತಲುಪಿತೇ ಎಂದು ಕೇಳುವ ದೀಪವನ್ನು ಯಾರೂ ಇಟ್ಟಿರಲಿಲ್ಲ.

“ಯಾರ ಕೆಲಸ ಇದು?” ಎಂದು ಚಿದಂಬರ ಗುಡುಗಿದ. ನಾಗೇಶನ ಮುಖ ಸಣ್ಣದಾಯಿತು.

“ಯಾರು ಅಂತ ಆಮೇಲೆ ಕೇಳಿ ಸಾರ್,” ಎಂದಳು ಸ್ಪಂದನ. “ಇವತ್ತು ಅವ್ನನ್ನ ಬೈದ್ರೆ ನಾಳೆ ತಪ್ಪು ಮಾಡ್ದೋರು ಮುಚ್ಚಿಡ್ತಾರೆ. ಸದ್ದಿಲ್ಲ ಅಂತ ಮೂರೂ ಜನ ಟೀ ಕುಡಿದ್ವಲ್ಲ, ಅದು ಹೆಂಗಾಯ್ತು ಅಂತ ಕೇಳಿ.”

ಚಿದಂಬರ ಕುರ್ಚಿ ಎಳೆದುಕೊಂಡು ಕೂತ. ಕೇಳಿದ, ಮೂವರೂ ತಂತಮ್ಮ ಪಾಲಿನ ತಪ್ಪನ್ನು ಬಾಯಿಬಿಟ್ಟರು. ಆ ವಾರವೇ ಕೆಲಸ ಮುಗಿಯಿತು. ಈಗ ಆ್ಯಪ್ ದಿನಾ ಒಂದು ಸುಳ್ಳು ಮಂಗದ ಸುದ್ದಿಯನ್ನು, ನರ್ಸಮ್ಮಂದಿರ ಫೋನ್ ಬಡಿಸದೆ, ತಾನೇ ಕಳಿಸಿ ಆ ತುದಿ ತಲುಪಿತೇ ಎಂದು ನೋಡುತ್ತದೆ. ತಲುಪದಿದ್ದರೆ ಆಫೀಸಿನ ಮೂವರ ಫೋನ್ ಬಡಿದುಕೊಳ್ಳುತ್ತದೆ. ಪ್ರತಿ ಹಳ್ಳಿಯೂ ಬೆಳಿಗ್ಗೆ ‘ಏನೂ ಇಲ್ಲ’ ಎನ್ನಲೇಬೇಕು; ಯಾವ ಹಳ್ಳಿ ಸುಮ್ಮನಾದರೂ ಅಲ್ಲಿಗೆ ಮೊದಲ ಫೋನ್. ಆ ಪ್ರೋಗ್ರಾಂ ಬರೆದವನು ನಾಗೇಶನೇ.

ಆದರೆ ಸ್ಪಂದನಳ ಜೀವ ನೀಲಾಂಬಿಕಳ ಮನೆಯಲ್ಲೇ ಇತ್ತು. ಜ್ವರ ಬರುವುದಿದ್ದರೆ ಬರುವಷ್ಟು ದಿನ ದಾಟಿದೆ ಎಂದು ಡಾಕ್ಟರು ಹೇಳಿದ ದಿನ ಅವಳು ಸೊರಬದ ಬಸ್ಸು ಹತ್ತಿದಳು.

ನೀಲಾಂಬಿಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಬಂದವಳು ಯಾರೆಂದು ತಿಳಿದದ್ದೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ನೀನೇ ಏನೇ ಫೋನ್ ಹುಡುಗಿ? ನನ್ನ ಹೊಸಾ ಬುಟ್ಟಿ ಕಾಡಲ್ಲೇ ಹೋಯ್ತಲ್ಲೇ! ದನಕ್ಕೆ ನೀನು ದರಗು ತಂದು ಹಾಸ್ತೀಯ? ನಿನ್ನೆ ಮೊನ್ನೆ ಹುಟ್ಟಿದೋರೆಲ್ಲ ನಮಗೆ ಕಾಡಿಗೆ ಹೋಗ್ಬೇಡ ಅಂತ ಹೇಳೋಹಂಗಾಯ್ತಲ್ಲ!”

ಬೈಗುಳ ನಿಲ್ಲುವಂತೆ ಕಾಣಲಿಲ್ಲ. ಸ್ಪಂದನಳಿಗೆ ಅಳು ಒತ್ತರಿಸಿ ಬಂತು, ಜೊತೆಗೇ ನಗುವೂ ಬಂತು. ಇಷ್ಟು ಗಟ್ಟಿ ದನಿಯಲ್ಲಿ ಬೈಯಲು ಆಕೆ ಗಟ್ಟಿಮುಟ್ಟಾಗಿ ಎದುರಿಗೆ ನಿಂತಿದ್ದಳಲ್ಲ.

“ಇನ್ನೂ ಬೈರಿ ನೀಲಕ್ಕ,” ಎಂದು ಕಣ್ಣೊರೆಸಿಕೊಂಡು ಅವಳು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತಳು.